ಖಾಸಿಂ ಸಾಬರು ಹುಡುಕಿಕೊಟ್ಟ ಬಯಲು

ಖಾಸಿಂ ಸಾಬರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಚಹಾ ಕುಡಿಯುವಾಗಲೂ, ಬೀದಿಯಲ್ಲಿ ಯಾರದೋ ಬೈಕು ಅಡ್ಡ ಬಂದರೆ ಆ ಕಾಲು ನೆಲವನ್ನೇ ಬ್ರೇಕಿನಂತೆ ಒತ್ತುತ್ತಿತ್ತು. ಮೂವತ್ತು ವರ್ಷ ಲಾರಿ ಓಡಿಸಿ, ಒಂದು ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಬಿಟ್ಟವರು. ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆಯವರು.

ನನ್ನ ಗಂಡನಿಗೆ ಲಕ್ವ ಹೊಡೆದಾಗ ವಾರಕ್ಕೆರಡು ಸಲ ದಾವಣಗೆರೆಗೆ ಚಿಕಿತ್ಸೆಗೆ ಹೋಗಬೇಕಾಯಿತು. ಅವರನ್ನು ಬಸ್ಸು ಹತ್ತಿಸುವುದು ಆಗದ ಮಾತು. ಅವರ ಕಾರು ಮನೆ ಮುಂದೆ ಧೂಳು ಹಿಡಿದು ನಿಂತಿತ್ತು. ನಲವತ್ತೆಂಟನೇ ವಯಸ್ಸಿಗೆ ನಾನು ಎಲ್ ಬೋರ್ಡ್ ಅಂಟಿಸಿದೆ. ಕಲಿಸಲು ಸಾಬರು ಒಪ್ಪಿದರು.

ಮೊದಲ ದಿನ ಶಾಲೆಯ ಮೈದಾನಕ್ಕೆ ಹೋದೆವು. ನಾಲ್ಕು ಸಲ ಇಂಜಿನ್ ಬಂದ್ ಬಿತ್ತು. ಕಾಂಪೌಂಡಿನ ಮೇಲೆ ಕೂತಿದ್ದ ಹುಡುಗರು, "ಆಂಟೀ, ಎತ್ತು ಕಟ್ಟಿ ಎಳೀರಿ!" ಎಂದು ಕೂಗಿದರು. ನಾನು ಇಳಿದು ನಡೆದೇ ಮನೆಗೆ ಬಂದೆ.

"ನಗೋರ ಮುಂದೆ ಕಲಿಯಾಕೆ ಆಗಲ್ಲ, ಗಿರಿಜಮ್ಮಾ. ತಪ್ಪು ಮಾಡಾಕೂ ಒಂದು ಜಾಗ ಬೇಕು," ಎಂದ ಸಾಬರು ಸೈಕಲ್ ಹತ್ತಿದರು. ಮೂರು ದಿನ ಸುತ್ತಿದರು. ನಾಲ್ಕನೇ ದಿನ ಚಪ್ಪಲಿಯನ್ನೂ ಬಿಡದೆ ನಡುಮನೆಗೇ ನುಗ್ಗಿ, "ಸಿಕ್ತು! ಸಾಸ್ವೆಹಳ್ಳಿ ರಸ್ತೇಲಿ ಹೊಸ ಲೇಔಟ್ ಐತೆ. ಡಾಂಬರ್ ಐತೆ, ಮನೆ ಒಂದೂ ಇಲ್ಲ. ಮಾಲೀಕರನ್ನ ಕೇಳೀನಿ, ಏಳ್ರಿ," ಎಂದರು.

ಅಲ್ಲಿ ಪ್ಲಾಸ್ಟಿಕ್ ಬಿಂದಿಗೆಗಳನ್ನಿಟ್ಟು ರಿವರ್ಸ್ ಕಲಿಸಿದರು. ಕಾರಿನೊಳಗೆ ಸುಮ್ಮನೆ ಕೂರಲಾಗದೆ ಕಿಟಕಿಯ ಪಕ್ಕದಲ್ಲೇ ಓಡುತ್ತಿದ್ದರು. "ಬಿಂದಿಗೆ ಒಡೀಲಿ ಬಿಡ್ರಿ, ಕನ್ನಡಿ ನೋಡ್ರಿ!" ಮೂರನೇ ಬಿಂದಿಗೆ ಒಡೆದ ದಿನ ನಾನು ಕೀಲಿ ಕಿತ್ತು ಅವರ ಕೈಗಿಟ್ಟೆ. ನನ್ನಿಂದಾಗದು ಎಂದೆ.

ಅವರು ಮೊದಲ ಬಾರಿಗೆ ದನಿ ತಗ್ಗಿಸಿದರು. "ನಾನು ಕಲಿಯುವಾಗ ಹಿಂದೆ ನೋಡದೆ ಲಾರಿ ಹಿಂದಕ್ಕೆ ಬಿಟ್ಟು ನಮ್ಮ ಉಸ್ತಾದರ ಕಾಲು ಮುರಿದಿದ್ದೆ. ಮಾರನೇ ದಿನ ಅವರು ಮಂಚದ ಮೇಲಿಂದಾನೇ 'ಗಾಡಿ ತೆಗಿ ಹೋಗು' ಅಂದ್ರು. ನೀವು ಒಡೆದಿರೋದು ಬಿಂದಿಗೆ ಕಣ್ರೀ."

ಕೀಲಿ ವಾಪಸ್ ಇಸಿದುಕೊಂಡೆ.

ಲೈಸೆನ್ಸ್ ಬಂದ ಮೇಲೆ, ಮೊದಲ ಸಲ ದಾವಣಗೆರೆಗೆ ಹೊರಟಾಗ ಜೊತೆಗೆ ಬನ್ನಿ ಎಂದು ಬೇಡಿದೆ. "ನಾನು ಬಂದ್ರೆ ನೀವು ರಸ್ತೆ ಬಿಟ್ಟು ನನ್ನ ಮುಖ ನೋಡ್ತೀರಿ," ಎಂದವರು ಬರಲೇ ಇಲ್ಲ.

ಕಳೆದ ಮಾಘದಲ್ಲಿ ಒಂದು ದಿನ ಆಸ್ಪತ್ರೆಯಿಂದ ಸಂಜೆ ಮರಳಿದಾಗ ಅವರ ಮನೆ ಮುಂದೆ ಜನ ನಿಂತಿದ್ದರು. ಬೆಳಿಗ್ಗೆಯೇ ಎದೆನೋವು ಬಂದಿತ್ತಂತೆ. ಮಣ್ಣು ಮಾಡುವುದೂ ಮುಗಿದಿತ್ತು. ನನಗೆ ಮುಖ ನೋಡಲು ಸಿಗಲಿಲ್ಲ.

ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನೀವು ಹೊರಟಾಗೆಲ್ಲ ಅವರು ಬಾಗಿಲಲ್ಲಿ ನಿಂತು ಗಾಡಿ ಸದ್ದು ಕೇಳ್ತಿದ್ರು. ಇವತ್ತೂ ಕೇಳಿದ್ರು. 'ಗೇರ್ ಸರಿಯಾಗಿ ಬಿತ್ತು' ಅಂತ ಹೇಳಿ ಒಳಗೆ ಬಂದ್ರು."