ಮೆಟ್ಟಿಲ ಕೆಳಗಿನ ಜಾಗ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಸಿ ಕಸ ಗಾಡಿಗೆ ಕೊಟ್ಟೆ. ಒಗೆದ ಬಟ್ಟೆ ತಾರಸಿಗೆ ಒಯ್ದು ಹರವಿ ಬಂದೆ. ಫ್ರಿಜ್ಜಿನ ಒಳಗೆಲ್ಲ ಒರೆಸಿದೆ. ದಂಟಿನ ಸೊಪ್ಪು ಬಿಡಿಸಿದೆ. ಹಳೆ ಪೇಪರು ಕಟ್ಟಿಟ್ಟೆ. ಕೊನೆಗೆ, ಬಹಳ ದಿನದಿಂದ ಮುಂದೂಡುತ್ತಾ ಬಂದಿದ್ದ ಮೆಟ್ಟಿಲ ಕೆಳಗಿನ ಜಾಗಕ್ಕೆ ಕೈ ಹಾಕಿದೆ.

ಮನೆಯೊಳಗೆ ನಾನು ಬೇಡದ ಸಾಮಾನು ಇಟ್ಟುಕೊಂಡವಳಲ್ಲ. ತೆಗೆದದ್ದು ತೆಗೆದ ಜಾಗಕ್ಕೇ ಹೋಗಬೇಕು. ಮಂಚದ ಮೇಲೆ ಬಟ್ಟೆ ರಾಶಿ ಬೀಳಬಾರದು. ಹೊಸ ಪಾತ್ರೆ ಒಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ದಿನಕ್ಕೊಂದು ಗೂಡು ಒರೆಸುತ್ತಾ ಬಂದರೆ ಹಬ್ಬದ ಹೊತ್ತಿಗೆ ಸೊಂಟ ಹಿಡಿದುಕೊಳ್ಳುವುದಿಲ್ಲ. ಇದೆಲ್ಲ ಅತ್ತೆ ಕಲಿಸಿದ್ದು. ಆದರೆ ಅತ್ತೆಯ ಕಾಲಕ್ಕೆ ಇಲ್ಲಿ ರಾಗಿಹೊಲವಿತ್ತು, ಬಾಡಿಗೆಯವರಿರಲಿಲ್ಲ.

ಈಗ ಬಿಟಿಎಂ ಲೇಔಟಿನ ಈ ಮನೆಯ ಕೆಳಗೆ ನಾವು ಗಂಡ ಹೆಂಡತಿ ಇಬ್ಬರೇ; ಮಕ್ಕಳಿಲ್ಲ. ಮೇಲೆಲ್ಲ ಬಾಡಿಗೆಯವರು. ಅವರು ಖಾಲಿ ಮಾಡಿಕೊಂಡು ಹೋಗುವಾಗ ಏನಾದರೊಂದು ಗಾಡಿಗೆ ಹತ್ತದೆ ಉಳಿಯುತ್ತದೆ. "ಆಂಟಿ, ಇದೊಂದು ಇಲ್ಲಿರ್ಲಿ, ಮುಂದಿನ ವಾರ ಬಂದು ತಗೊಂಡು ಹೋಗ್ತೀನಿ" ಅನ್ನುತ್ತಾರೆ. "ಇರ್ಲಿ ಬಿಡಪ್ಪ" ಅನ್ನುತ್ತೇನೆ. ಹಾಗೆ ಮೆಟ್ಟಿಲ ಕೆಳಗೆ ಸೇರಿದ್ದು ಮಡಚುವ ಮೇಜು, ಕಾಲು ಅಲುಗಾಡುವ ಕುರ್ಚಿ, ಕ್ಯಾರಂ ಬೋರ್ಡು, ಪರದೆಯ ಕಂಬಿಗಳು, ಮುಖ ಸೊಟ್ಟಗೆ ಕಾಣುವ ಒಂದು ಕನ್ನಡಿ. ಯಾರೂ ಬಂದು ಒಯ್ದಿಲ್ಲ. ಅತ್ತೆಯ ನಿಯಮವನ್ನು ನಾನು ಮೆಟ್ಟಿಲ ಕೆಳಗಿನವರೆಗೆ ಒಯ್ಯುತ್ತಿರಲಿಲ್ಲ. ಸಾಮಾನು ಇರುವ ತನಕ, ಬರುವವರು ಇದ್ದಾರೆ ಅಂತ ನನಗೆ.

ಹಿಂದಿನ ದಿನ ಯಜಮಾನರು ಹೇಳಿದ್ದರು: "ಮೇಲಿನ ಹುಡುಗ ಬ್ಯಾಟರಿ ಸ್ಕೂಟರ್ ತಗೊಂಡವ್ನೆ. ಮೆಟ್ಟಿಲ ಕೆಳಗೆ ನಿಲ್ಲಿಸ್ಕೋ ಅಂದಿದ್ದೀನಿ. ನಾಳೆ ಖಾಲಿ ಮಾಡಿಬಿಡು."

"ಅವರೆಲ್ಲ ಬಂದು ಕೇಳಿದ್ರೆ?"

"ಯಾರೇ ಬರೋದು? ಪುಕ್ಕಟೆ ಗೋಡೌನ್ ನಡೆಸ್ತಾ ಇದ್ದೀಯ ನೀನು."

ಮಧ್ಯಾಹ್ನ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ ಗುಜರಿಯವನನ್ನು ಕರೆದೆ. ಎಲ್ಲವೂ ಬೇರೆಯವರದು, ಜೋಪಾನವಾಗಿ ತೆಗಿ ಅಂದೆ. ಅವನು ಒಂದೊಂದೇ ಎಳೆದು ಹೊರಗಿಟ್ಟ. ಕುರ್ಚಿಯ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಕಬ್ಬಿಣದ ರೊಟ್ಟಿ ಹಂಚು ಸಿಕ್ಕಿತು. "ಅದು ಇರ್ಲಪ್ಪ, ಒಂದು ಫೋನ್ ಮಾಡ್ತೀನಿ" ಅಂದೆ.

ಅದು ಹುಬ್ಬಳ್ಳಿ ಕಡೆಯ ಹುಡುಗಿಯದು. ಮೇಲಿನ ಒಂಟಿ ಕೋಣೆಯಲ್ಲಿ ಕೆಲವು ವರ್ಷ ಇದ್ದಳು. ಆಫೀಸಿನಿಂದ ಬಂದರೆ ಮೆಟ್ಟಿಲು ಹತ್ತುವ ಮೊದಲು ನಮ್ಮ ಅಡುಗೆಮನೆಗೆ ಇಣುಕಬೇಕು ಅವಳಿಗೆ. ಮೊದಲ ಸಲ ಮುದ್ದೆ ಇಟ್ಟಾಗ, "ಅಗಿಯೋದು ಬ್ಯಾಡೇನ್ರಿ ಆಂಟಿ? ಸುಮ್ನ ನುಂಗೂದಾ? ಗುಳಿಗಿ ಏನ್ರಿ ಇದು?" ಅಂದಿದ್ದಳು. ಭಾನುವಾರ ಹಂಚು ಹಿಡಿದುಕೊಂಡು ಕೆಳಗೆ ಬಂದು ನನಗೆ ರೊಟ್ಟಿ ಬಡಿಯುವುದು ಕಲಿಸುತ್ತಿದ್ದಳು. ನನ್ನದು ಅಂಚಿನಲ್ಲಿ ಹರಿಯುತ್ತಿತ್ತು. "ಹಂಗ ಗುದ್ದಬ್ಯಾಡ್ರಿ, ಅದೇನ್ ನಿಮ್ಮ ಯಜಮಾನ್ರೇನ್ರಿ?" ಅಂದರೆ ನಡುಮನೆಯಲ್ಲಿ ಕೂತ ಯಜಮಾನರೂ ನಗುತ್ತಿದ್ದರು. ಮದುವೆಯಾಗಿ ವೈಟ್‌ಫೀಲ್ಡಿಗೆ ಹೋಗುವಾಗ ಹಂಚನ್ನು ನನ್ನ ಕೈಗೇ ಕೊಟ್ಟಳು. "ಇದು ಇಲ್ಲೇ ಇರ್ಲಿ ಆಂಟಿ. ನಾ ಬಂದಾಗೆಲ್ಲ ರೊಟ್ಟಿ ಮಾಡ್ಕೊಂಡು ಉಣ್ಣೂಣು."

ಅದನ್ನು ನಾನು ಒಳಗೆ ಬಳಸಲಿಲ್ಲ. ಅವಳದು, ಅವಳೇ ಬಂದು ಬಿಚ್ಚಲಿ ಅಂತ ಸುತ್ತಿಟ್ಟಿದ್ದೆ.

ಫೋನ್ ಎತ್ತಿದ ಕೂಡಲೇ "ಆರಾಮಿದ್ದೀರೇನ್ರಿ ಆಂಟಿ?" ಅಂದಳು. ದನಿ ಹಾಗೇ ಇತ್ತು. ಹಿಂದೆ ಮಗು ಅಳುತ್ತಿತ್ತು.

"ಹಂಚು ಏನು ಮಾಡ್ಲಮ್ಮ?"

"ಯಾವ ಹಂಚು ರೀ?"

"ನಿನ್ನ ರೊಟ್ಟಿ ಹಂಚು."

"ಅಯ್ಯ, ಅದನ್ನ ಇನ್ನೂ ಇಟ್ಟೀರೇನ್ರಿ? ಯಾರಿಗರ ಕೊಟ್ಟುಬಿಡ್ರಿ. ಇಲ್ಲೆ ರೊಟ್ಟಿ ಅಂಗಡ್ಯಾಗ ಸಿಗ್ತಾವು."

"ಈ ಕಡೆ ಬರೋದೇ ಇಲ್ವಾ?"

"ಬರಬೇಕ್ರಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಬೇಕಂದ್ರ ಒಂದು ರಜಾನೇ ಹಾಕಬೇಕು ನೋಡ್ರಿ" ಅಂದು ನಕ್ಕಳು. ನಾನೂ ನಕ್ಕೆ. ಮಗುವಿನ ಅಳು ಜೋರಾಯಿತು. ಆಮೇಲೆ ಮಾಡ್ತೀನಿ ಅಂತ ಇಟ್ಟಳು.

ಗುಜರಿಯವನು ಹಂಚಿಗೆ ಕೈ ಚಾಚಿದ. "ಅದು ಬೇಡಪ್ಪ" ಅಂದೆ.

"ಎಲ್ಲಾನೂ ಬೇರೆಯವರದು ಅಂದ್ರಲ್ಲ ಅಕ್ಕ?"

"ಇದು ಈಗ ನನ್ನದು" ಅಂದೆ. ಒಳಗೆ ಹೋಗಿ, ಕಪ್ಪು ಲೇಪ ಸುಲಿದುಹೋಗಿದ್ದ ದೋಸೆ ತವಾ ತಂದು ಅವನ ಗಾಡಿಗೆ ಹಾಕಿದೆ. ಒಂದು ಒಳಗೆ ಬಂದರೆ ಒಂದು ಹೊರಗೆ.

ಮೆಟ್ಟಿಲ ಕೆಳಗೆ ಗುಡಿಸಿ, ಫಿನಾಯಿಲ್ ಹಾಕಿ ಒರೆಸಿದೆ. ಅಷ್ಟು ದೊಡ್ಡ ಜಾಗ ಅಂತ ನನಗೇ ಗೊತ್ತಿರಲಿಲ್ಲ. ಸಂಜೆ ಮೇಲಿನ ಹುಡುಗ ಸ್ಕೂಟರ್ ತಂದು ನಿಲ್ಲಿಸಿದ. ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡಿದ್ದ; "ಥ್ಯಾಂಕ್ಸ್ ಆಂಟಿ" ಅಂದು ಹತ್ತಿಹೋದ.

ಹಂಚಿನ ತುಕ್ಕನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಕಾಯಿಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿದೆ. ಗಿರಣಿಯಿಂದ ಜೋಳದ ಹಿಟ್ಟು ತಂದೆ. ಮೆಲ್ಲಗೇ ಬಡಿದೆ, ಆದರೂ ಹರಿಯಿತು.

ಯಜಮಾನರು ತಟ್ಟೆ ನೋಡಿ ಬಾಗಿಲ ಕಡೆ ತಿರುಗಿದರು. "ಆ ಹುಡುಗಿ ಬಂದಿದ್ಲಾ?"

"ಇಲ್ಲ" ಅಂದೆ.

ಅವರು ಇನ್ನೊಂದು ಹಾಕಿಸಿಕೊಂಡರು. ಊಟಕ್ಕೆ ಅಂಚು ಹರಿದ ರೊಟ್ಟಿ, ದಂಟಿನ ಸೊಪ್ಪಿನ ಪಲ್ಯ, ಬಸ್ಸಾರು, ಮಜ್ಜಿಗೆ. ಹಂಚನ್ನು ತೊಳೆದು ಒರೆಸಿ, ತವಾ ಇದ್ದ ಜಾಗದಲ್ಲಿ ಇಟ್ಟೆ. ನಾನು ಅಡುಗೆಮನೆ ದೀಪ ಆರಿಸಿ ಬರುವ ಹೊತ್ತಿಗೆ ಅವರು ಮಲಗಿಬಿಟ್ಟಿದ್ದರು.