ಆಯಿ ಕಡಿಸಿದ ಮಗ್ಗದ ಕುಣಿ

ಬೆಟಗೇರಿಯ ನೇಕಾರ ಓಣಿಯಲ್ಲಿ, ತವರುಮನೆಯಲ್ಲೇ ಉಳಿದಿರುವ ಸಿದ್ದಲಿಂಗವ್ವನ ಮಗ್ಗದ ಸದ್ದು ಬೆಳಗಿನ ಪೂಜೆ ಮುಗಿದ ಕೂಡಲೇ ಶುರುವಾಗುತ್ತದೆ. ಅದು ಕುಣಿ ಮಗ್ಗ. ನೆಲದ ಮೇಲೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೇಯುವಂಥದು. ಐವತ್ತೆರಡರ ಸಿದ್ದಲಿಂಗವ್ವ ದಪ್ಪ ಮೈಯವಳು. ಆ ಮೈಯಿಟ್ಟುಕೊಂಡೇ ದಿನಕ್ಕೆ ಎಂಟು ತಾಸು ನೇಯುತ್ತಾಳೆ. ಅವಳು ನೇಯ್ದ ಸೀರೆಯ ದಡಿ ಎಂದೂ ಸೊಟ್ಟಾಗಿದ್ದಿಲ್ಲ ಎಂದು ಗದಗಿನ ಅಂಗಡಿಯವರು ಹೇಳುತ್ತಾರೆ.

ಮಗಳು ಕಾಂಚನಾ ಕಾಲೇಜಿಗೆ ಹೋಗುತ್ತಾಳೆ. ಅವಳದೂ ಅದೇ ಮೈಕಟ್ಟು. ಹೋದ ವರ್ಷ ಓಣಿಯ ಹೆಂಗಸೊಬ್ಬಳು, "ರೊಟ್ಟಿ ಬುಟ್ಟಿ ಮುಚ್ಚಿಡವ್ವಾ, ಮಗಳ ಕಣ್ಣು ಬಿದ್ದೀತು" ಎಂದು ನಕ್ಕಿದ್ದಳು. ಅಂದಿನಿಂದ ಸಿದ್ದಲಿಂಗವ್ವ ಮಗಳ ತಾಟಿನಿಂದ ರೊಟ್ಟಿ ತೆಗೆಯತೊಡಗಿದಳು. ಕಾಂಚನಾ ಊಟವನ್ನೇ ಬಿಡತೊಡಗಿದಳು. ಒಂದು ದಿನ ಕಾಲೇಜಿನ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ತಾಯಿ ಮಗಳನ್ನು ಎದುರು ಕೂರಿಸಿಕೊಂಡು ತಿಳಿಸಿ ಹೇಳಿದರು. ಹಸಿವಾಗಿದೆ ಎಂಬ ಸುದ್ದಿಯನ್ನು ಹೊಟ್ಟೆಯ ಒಂದು ಹಾರ್ಮೋನು, ಸಾಕು ಎಂಬ ಸುದ್ದಿಯನ್ನು ಕೊಬ್ಬಿನ ಇನ್ನೊಂದು ಹಾರ್ಮೋನು ಮಿದುಳಿಗೆ ಒಯ್ಯುತ್ತವೆ. ಆ ಸುದ್ದಿ ಎಷ್ಟು ಗಟ್ಟಿಯಾಗಿ ಮುಟ್ಟುತ್ತದೆ ಎಂಬುದರಲ್ಲಿ ಹೆತ್ತವರಿಂದ ಬಂದ ಜೀನುಗಳ ಪಾಲು ದೊಡ್ಡದು. ಊಟ, ದುಡಿಮೆಗಳ ಪಾಲೂ ಇದೆ. ಆದರೆ ಉಪವಾಸ ಬಿದ್ದಷ್ಟೂ ಮೈ ಹಸಿವನ್ನು ಹೆಚ್ಚಿಸುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದರು.

ಇದೆಲ್ಲ ತನ್ನ ಸಮಾಧಾನಕ್ಕೆ ಹೇಳಿದ್ದು ಎಂದುಕೊಂಡ ಕಾಂಚನಾ ಮನೆಗೆ ಬಂದು ಮತ್ತೆ ತಾಟು ಸರಿಸಿದಳು.

ಸಿದ್ದಲಿಂಗವ್ವ ಅವಳನ್ನು ಮಗ್ಗದ ಹತ್ತಿರ ಕರೆದು, ಕೂರುವ ಅಂಚನ್ನು ಗೇಣು ಹಾಕಿ ತೋರಿಸಿದಳು. ಓಣಿಯ ಬೇರೆ ಕುಣಿಗಳಿಗಿಂತ ಅದನ್ನು ಒಂದು ಗೇಣು ಹಿಂದಕ್ಕೆ ಕಡಿಯಲಾಗಿತ್ತು. ಅವ್ವನ ಹೊಟ್ಟೆಗಾಗಿ ಹಾಗೆ ಕಡಿದದ್ದೆಂದೇ ಕಾಂಚನಾ ಇಷ್ಟು ದಿನ ತಿಳಿದಿದ್ದಳು.

"ನನಗಂತ ಕಡಿಸಿದ್ದಲ್ಲವ್ವಾ. ನಮ್ಮಪ್ಪನ ಅವ್ವ, ನಮ್ಮ ಆಯಿ, ತನಗಂತ ಕಡಿಸಿದ್ಲು. ದಿನಾ ಒಪ್ಪತ್ತು ಉಣ್ಣಾಕಿ. ಒಪ್ಪತ್ತು ಉಂಡರೂ ಇಷ್ಟು ಅಗಲ ಇದ್ಲು. ಆಕಿ ನೇಯ್ದ ಸೀರಿ ಉಟ್ಟು ಈ ಊರಾಗ ಎಷ್ಟು ಮದುವಿ ಆಗ್ಯಾವೋ."

"ಹಂಗಂದ್ರ ನನ್ನ ತಾಟಿನ ರೊಟ್ಟಿ ಯಾಕ ತಗದಿ?"

ಸಿದ್ದಲಿಂಗವ್ವ ಅಂಚಿನ ಕಲ್ಲು ಸವರಿದಳು.

"ತಪ್ಪಾತು. ದಿನಾ ಇಲ್ಲೇ ಕುಂತ ನೇಯ್ದ್ರೂ, ಆಯಿನ್ನ ಮರತು ಮಂದಿ ಮಾತು ಕೇಳಿದೆ."

ಕಾಂಚನಾ ಮೆಲ್ಲಗೆ ಅಂಚಿನ ಮೇಲೆ ಕುಳಿತು ಕಾಲು ಇಳಿಬಿಟ್ಟಳು. ಎಲ್ಲಿಯೂ ಒತ್ತಲಿಲ್ಲ. ಆಯಿಯ ಹೆಸರೇನು, ನೋಡಲು ಹೇಗಿದ್ದಳು ಎಂದು ಒಂದೊಂದಾಗಿ ಕೇಳಿದಳು. ಹೇಳುತ್ತ ಹೇಳುತ್ತ ಸಿದ್ದಲಿಂಗವ್ವನ ಬೆನ್ನು ನೆಟ್ಟಗಾಯಿತು.

ಆಮೇಲೆ ಇಬ್ಬರೂ ಊಟಕ್ಕೆ ಕುಳಿತರು. ಕಾಂಚನಾ ಎರಡು ರೊಟ್ಟಿ ಉಂಡಳು. ಅವ್ವ ಮೂರನೆಯದನ್ನು ಹಾಕಲು ಬಂದಾಗ ಕೈ ಅಡ್ಡ ಹಿಡಿದು, "ಸಾಕಾತು" ಎಂದಳು. ಸಿದ್ದಲಿಂಗವ್ವ ಮಗಳ ಆ ಮಾತನ್ನು ನಂಬಿದಳು.