ಹೆಪ್ಪು ಬೆರೆತ ಹಾಲು

ಹಾಲಿನ ಡೈರಿಯ ಲೆಕ್ಕಕ್ಕೆ ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಮನ್ನು, ಯಾರು ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ತೊಂಬತ್ತರ ದಶಕದಲ್ಲಿ ಹಂಚಿದ್ದೆ. ನಂದಿದುರ್ಗದ ಗೆಳೆಯ ಅದನ್ನು ತನ್ನ ದೊಡ್ಡ ಪ್ರೋಗ್ರಾಮಿಗೆ ಬೆರೆಸಿದ. ಅವನ ಲೈಸೆನ್ಸ್ ಬೇರೆ: ಪಡೆದವರು ಮುಂದಕ್ಕೆ ಕೊಡುವಾಗ ಪ್ರೋಗ್ರಾಮಿನ ಮೂಲ ಬರಹವಾದ ಸೋರ್ಸ್ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಲೇಬೇಕು. ನನಗೋ ಆ ಬೆರೆತ ಪ್ರೋಗ್ರಾಮನ್ನೇ ಕೋಡ್ ಬಚ್ಚಿಟ್ಟು ಮಾರುವ ಆಸೆ. ಬಂಗಾರಪೇಟೆಯ ನಮ್ಮ ಮನೆಗೆ ಬಂದವನ ಮೇಲೆ ಕೂಗಾಡಿದೆ.

“ನೀನ್ ಬರ್ದಿದ್ದು ನಿನ್ನತ್ರಾನೇ ಐತೆ, ಏನಾದ್ರೂ ಮಾಡ್ಕೊ. ಬೆರೆತಿದ್ದನ್ನ ಮುಚ್ಚಿಡಂಗಿಲ್ಲ ಕಣ್ಲಾ,” ಎಂದ.

“ಅದ್ರಾಗೆ ನಂದೂ ಐತಲ್ಲೋ!” ಎಂದು ನಾನು ಅರಚುವಾಗಲೇ ಪಕ್ಕದ ಮನೆಯ ಅಕ್ಕ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದರು. ಹಿಂದಿನ ದಿನ ನಮ್ಮ ಹಾಲಿಗೆ ಹೆಪ್ಪು ಕೊಟ್ಟಿದ್ದವರು ಅವರೇ; ಈಗ ಅವರಲ್ಲೇ ಮುಗಿದಿತ್ತು. ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ಹಾಲು ನಮ್ಮದಲ್ಲವೇ ಎಂಬ ಯೋಚನೆಯೂ ಬಾರದೆ ನಾನೇ ಎದ್ದು ಮೊಸರು ಹಾಕಿಕೊಟ್ಟೆ.

ತಿರುಗಿದರೆ ಗೆಳೆಯ ನೆಲ ನೋಡುತ್ತಿದ್ದ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.